ಸೈಕಲ್ಲೂ ಒಂದು ಪಾಠ

ನೇಮಿಚಂದ್ರ ಅವರ 2007ರ ಕಾದಂಬರಿ ‘ಯಾದ್ ವಶೇಮ್’ ನವಲಗುಂದ, ಕುಂದಗೋಳದ ಹೈಸ್ಕೂಲು ಹುಡುಗಿಯರ ಕೈಗೂ ಸಿಗಬೇಕು. ಹಿಟ್ಲರನ ಜರ್ಮನಿಯಿಂದ ತಂದೆಯೊಡನೆ ಪಾರಾಗಿ ಬೆಂಗಳೂರಿಗೆ ಬಂದ ಯಹೂದಿ ಬಾಲೆ ಇಲ್ಲಿ ಮುಸ್ಲಿಂ ಮನೆಯೊಂದರ ಮಗಳಾಗಿ ಬೆಳೆಯುತ್ತಾಳೆ. ದೂರದ ದುಃಖ ನಮ್ಮ ಓಣಿಗೇ ಬರುತ್ತದೆ. ಆದರೆ ಮುಂದೆ ತನ್ನವರಿಗಾಗಿ ಅವಳು ನಡೆಸುವ ಹುಡುಕಾಟ, ಅದರೊಳಗಿನ ಇತಿಹಾಸ ಎಳೆಯರಿಗೆ ಭಾರವೇ. ಮೊದಲು ಆನ್ ಫ್ರಾಂಕಳ ದಿನಚರಿ ಓದಿಸಿರಿ.

ಸತ್ತ ಯಹೂದಿ ಮಕ್ಕಳು ಸುಮಾರು 15 ಲಕ್ಷ ಎಂದರೆ ಬರೆದುಕೊಂಡು ಮರೆಯುತ್ತಾರೆ. ನಾಜಿಗಳು ನೆದರ್ಲೆಂಡಿನ ಯಹೂದಿ ಮಕ್ಕಳನ್ನು ಬೇರೆ ಶಾಲೆಗೆ ಅಟ್ಟಿದರು, 1942ರಲ್ಲಿ ಸೈಕಲ್ಲನ್ನೂ ಬಿಡಿಸಿದರು ಎನ್ನಿ. ಎರಿಮಣ್ಣಿನ ದಾರಿಯಲ್ಲಿ ಸೈಕಲ್ ತುಳಿದು ಬರುವ ಹುಡುಗಿ ಕೇಳಿಯೇ ಕೇಳುತ್ತಾಳೆ: “ಮತ್ತ ಆಕಿ ಸಾಲಿಗೆ ಹೆಂಗ ಹೋಗತಿದ್ಲರೀ?”

ನಡೆದುಕೊಂಡು. ಆ ಜುಲೈನಲ್ಲಿ ಅಡಗುತಾಣ ಸೇರಿದ ಮೇಲೆ ಅದೂ ಇಲ್ಲ.