ಹಾಡುವವರು ಸುಮ್ಮನಾದ ಮೇಲೂ ಕೇಳಿ

ಸಿಂಧನೂರು, ಲಿಂಗಸೂಗೂರು, ಮಸ್ಕಿ ಕಡೆಯ ನಮಗೆ ರಾತ್ರಿಯೆಲ್ಲ ಕೂತು ಹಾಡು ಕೇಳುವುದು ಹೊಸದಲ್ಲ. ಭಜನೆಯ ತತ್ವಪದ, ಮುದಗಲ್ಲಿನ ಮೊಹರಂ, ಕರ್ಬಲಾದ ಸಂಕಟ ಹೇಳುವ ರಿವಾಯತ್ ಪದ ನಮ್ಮ ಕಿವಿಯಲ್ಲಿವೆ. ಸಾವನ್ನು ಹಾಡಿಕೊಂಡು ಎದುರುಗೊಳ್ಳುವುದು ಗೊತ್ತಿರುವ ಇಂಥ ಕಿವಿಗೆ ಜರ್ಮನಿಯ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಪರಕೀಯವಾಗಬೇಕಿಲ್ಲ.

ಅದರಲ್ಲಿ ಕನ್ನಡ ನಾಡಿನ ಋಣವೂ ಇದೆ. 84 ತುಂಬಿದ ವರ್ಷ, 1948ರಲ್ಲಿ, ಸ್ಟ್ರಾಸ್ ಇವನ್ನು ಒಬ್ಬ ಗಾಯಕಿ ಮತ್ತು ದೊಡ್ಡ ಆರ್ಕೆಸ್ಟ್ರಾಗೆಂದು ರಚಿಸಿದ. ಮರುವರ್ಷ ತೀರಿಕೊಂಡ, ತನ್ನ ಹಾಡು ತಾನೇ ಕೇಳಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫುರ್ಟ್‌ವೆಂಗ್ಲರ್ ಆರ್ಕೆಸ್ಟ್ರಾ ನಡೆಸಿದರು. ಆ ಕಛೇರಿಗೆ 4,800 ಡಾಲರ್ ಖಾತರಿ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರು. ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ಕಟ್ಟಿದ ವಾಗ್ಗೇಯಕಾರರೂ ಅವರೇ. ಅಂದಿನ ಹಾಡನ್ನು ಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬುದು ಅವರ ಆಸೆಯಾಗಿತ್ತು.

ಕೇಳುವ ಮುಂಚೆ ಕವಿತೆಗಳ ಅರ್ಥ ತಿಳಿದುಕೊಳ್ಳಿ. ಮೊದಲ ಮೂರು ಹರ್ಮನ್ ಹೆಸ್ಸೆಯವು, ಕೊನೆಯದು ಐಖೆನ್‌ಡಾರ್ಫ್‌ನದು. ವಸಂತ, ಸೆಪ್ಟೆಂಬರ್, ನಿದ್ದೆಯ ಹೊತ್ತು, ಮುಸ್ಸಂಜೆ. ಇವನ್ನು ಈ ಕ್ರಮದಲ್ಲಿ ಜೋಡಿಸಿದವನು ಸ್ಟ್ರಾಸ್ ಅಲ್ಲ, ಪ್ರಕಾಶಕ ಅರ್ನ್ಸ್ಟ್ ರಾತ್. ಆದರೂ ಅದೇ ಸರಿಯಾದ ಕ್ರಮವೆಂದು ನನ್ನ ಭಾವನೆ, ಏಕೆಂದರೆ ಬೆಳಕು ಇಳಿಯುತ್ತ ಹೋಗುವುದು ಹೀಗೇ.

ಮೊದಲ ಸಲ ಕೇಳುವಾಗ ಕಾಲಡಿಯ ನೆಲ ಜಾರಿದ ಹಾಗಾಗಬಹುದು. ನಮ್ಮಲ್ಲಿ ಹಾರ್ಮೋನಿಯಂ ಹಿಡಿದ ಷಡ್ಜ ಹಾಡು ಮುಗಿಯುವ ತನಕ ಕದಲುವುದಿಲ್ಲ. ಇಲ್ಲಿ ಷಡ್ಜವೇ ನಡೆದಾಡುತ್ತದೆ. ತೊಡೆಯ ಮೇಲೆ ತಾಳ ಹಾಕಲು ಹೋಗಬೇಡಿ, ಮೊದಲ ಹಾಡು ಮಬ್ಬಿನಿಂದ ಬೆಳಕಿಗೆ ಏರುವುದನ್ನು ಸುಮ್ಮನೆ ಹಿಂಬಾಲಿಸಿ.

ಮುಖ್ಯವಾದ ಮಾತು ಹಿಮ್ಮೇಳದ್ದು. ಭಜನೆಯಲ್ಲಿ ಮುಂದಿನವರು ಹೇಳಿದ ಸೊಲ್ಲನ್ನೇ ಹಿಮ್ಮೇಳ ಎತ್ತಿಕೊಳ್ಳುತ್ತದೆ. ಸ್ಟ್ರಾಸ್‌ನ ಹಿಮ್ಮೇಳ ಗಾಯಕಿ ಹೇಳದೆ ಬಿಟ್ಟದ್ದನ್ನು ಹೇಳುತ್ತದೆ. ಎರಡನೆಯ ಹಾಡಿನಲ್ಲಿ ಬೇಸಿಗೆ ಕಣ್ಣು ಮುಚ್ಚುತ್ತದೆ, ಗಾಯಕಿ ಮೌನವಾಗುತ್ತಾಳೆ, ಆಮೇಲೆ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯ ಒಂಟಿಯಾಗಿ ಬರುತ್ತದೆ. ಸ್ಟ್ರಾಸ್‌ನ ತಂದೆ ಹಾರ್ನ್ ನುಡಿಸುವವರು ಎಂದು ತಿಳಿದು ಕೇಳಿದರೆ ಆ ಹತ್ತಾರು ಸ್ವರಗಳು ಬೇರೆಯೇ ಆಗಿಬಿಡುತ್ತವೆ. ಮೂರನೆಯದರಲ್ಲಿ ನಡುವೆ ಪಿಟೀಲು ತಾನೊಂದೇ ಹಾಡುತ್ತದೆ. ದಣಿದ ಮೈ ಮಲಗಿದ ಮೇಲೆ ಜೀವ ಮೇಲೇಳುವ ಕ್ಷಣ ಅದು. ಪಿಟೀಲಿನ ಆ ರಾಗವನ್ನೇ ಗಾಯಕಿ ಎತ್ತಿಕೊಂಡಾಗ ದನಿಯೂ ವಾದ್ಯವೂ ಬೇರೆ ಎನಿಸುವುದಿಲ್ಲ. ಹಾಡಿನ ಮಾಲೆ ಇಡೀ ವಾದ್ಯಮೇಳದ ಸಿಂಫನಿಯಾಗುವುದು ಇಂಥ ಕಡೆಯೇ.

ಕೊನೆಯದರಲ್ಲಿ, ಬಾಳೆಲ್ಲ ಕೈಹಿಡಿದು ನಡೆದ ಮುದಿ ಜೋಡಿಯ ಮುಂದೆ ಹೊತ್ತು ಮುಳುಗುತ್ತಿದೆ. ಕೊಳಲುಗಳ ಕಂಪನವೇ ಎರಡು ಬಾನಾಡಿ ಹಕ್ಕಿಗಳು. ಗಾಯಕಿ ಸಾವನ್ನು ಕುರಿತ ಒಂದು ಪ್ರಶ್ನೆ ಕೇಳಿ ನಿಲ್ಲುತ್ತಾಳೆ. ಉತ್ತರ ಹಾರ್ನ್‌ನಲ್ಲಿದೆ: ‘ಸಾವು ಮತ್ತು ರೂಪಾಂತರ’ ಎಂಬ ಕೃತಿಗೆ, ಸುಮಾರು 60 ವರ್ಷ ಹಿಂದೆ, ಸ್ಟ್ರಾಸ್ ಬರೆದಿದ್ದ ಸ್ವರಗಳು. ಹೆಂಡತಿ ಪೌಲೀನ್ ಒಮ್ಮೆ ಅವನ ಹಾಡುಗಳ ಗಾಯಕಿಯಾಗಿದ್ದವಳು; ಲಂಡನ್ ಕಛೇರಿಗೆ ಒಂಬತ್ತು ದಿನ ಮುಂಚೆ ಆಕೆಯೂ ತೀರಿಕೊಂಡಳು.

ಈ ನಾಲ್ಕು ಹಾಡು ಮೈಗೂಡಿದ ಮೇಲೆ ಮಾಹ್ಲರ್‌ನ ‘ಭೂಮಿಯ ಹಾಡು’ ಕೇಳಿ: ಆರು ಹಾಡು, ಸುಮಾರು ಒಂದು ತಾಸು. ಟಾಗೋರರ ಕವಿತೆಗಳ ಮೇಲೆ ನಿಂತ ಜೆಮ್ಲಿನ್‌ಸ್ಕಿಯ ‘ಲಿರಿಕ್ ಸಿಂಫನಿ’ ಅದರ ಮುಂದಿನ ಮೆಟ್ಟಿಲು.

1950ರ ಮುದ್ರಣ ಇಂದಿಗೂ ಉಳಿದಿದೆ, ಆದರೆ ಸದ್ದು ಒರಟು. ಮೊದಲಿಗೆ ಜೆಸ್ಸಿ ನಾರ್ಮನ್ ಹಾಡಿದ್ದನ್ನು ಹುಡುಕಿ. ಕಾಲುವೆಯ ದಂಡೆಯಲ್ಲೋ ಮಾಳಿಗೆಯ ಮೇಲೋ, ಹೊತ್ತು ಮುಳುಗುವಾಗ, ಇಪ್ಪತ್ತೈದು ನಿಮಿಷ ಒಬ್ಬರೇ ಕೂಡಿ. ಗಾಯಕಿ ನಿಲ್ಲಿಸಿದಳೆಂದು ಮಾತ್ರ ಎದ್ದು ಹೋಗಬೇಡಿ. ಹಕ್ಕಿಗಳು ಇನ್ನೊಮ್ಮೆ ಬರುತ್ತವೆ.