ಪೀಟರ್ ಬೆಂಟ್ಜನ್ ಒತ್ತಿದ ಮುದ್ರೆ

ಪೀಟರ್ ಬೆಂಟ್ಜನ್ ಹುಟ್ಟಿದ್ದು 1783ರ ಸುಮಾರಿಗೆ, ಡೆನ್ಮಾರ್ಕಿನ ಆಳ್ವಿಕೆಯಲ್ಲಿದ್ದ ಕೆರಿಬಿಯನ್ ದ್ವೀಪಗಳಲ್ಲಿ. ಆಫ್ರಿಕನ್ ಮೂಲದ ಈ ಬೆಳ್ಳಿ ಕೆಲಸಗಾರ ಫಿಲಡೆಲ್ಫಿಯಾದಲ್ಲಿ ಕಸುಬು ಕಲಿತು, ಅಲ್ಲಿಯೂ ಸೇಂಟ್ ಕ್ರಾಯ್ ದ್ವೀಪದಲ್ಲಿಯೂ ದುಡಿದ.

ಬೆಳ್ಳಿ ತಗಡನ್ನು ಬಡಿದಷ್ಟೂ ಅದು ಗಡುಸಾಗುತ್ತದೆ. ಕಾಯಿಸಿ ಮೆದುಗೊಳಿಸಿ ಮತ್ತೆ ಬಡಿಯಬೇಕು. ಆ ತಾಳ್ಮೆಯ ಫಲವಾದ ಅವನ ಟೀಪಾಟ್ ಸೇಂಟ್ ಲೂಯಿಸ್ ಕಲಾ ಸಂಗ್ರಹಾಲಯದಲ್ಲಿದೆ. 1841ರಲ್ಲಿ ಪಾದ್ರಿ ಬೆಂಜಮಿನ್ ಲಕಾಕ್ ಅವರಿಗೆ ಕೃತಜ್ಞತೆಯಿಂದ ಅರ್ಪಿಸಲಾದ, ಅವನೇ ಮಾಡಿದ ಬಟ್ಟಲು ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದಲ್ಲಿದೆ.

ಆ ಕಾಲದ ಎಷ್ಟೋ ಕಪ್ಪು ಕುಶಲಕರ್ಮಿಗಳ ದುಡಿಮೆ ಯಜಮಾನರ ಮುದ್ರೆ ಹೊತ್ತು ಹೋಯಿತು. ಬೆಂಟ್ಜನ್ ಮಾತ್ರ ಬೆಳ್ಳಿಯ ಮೇಲೆ ತನ್ನದೇ ಹೆಸರು ಒತ್ತಿದ. ಅವನನ್ನು ಬಿಟ್ಟು ಬರೆದ ಅಮೆರಿಕದ ಬೆಳ್ಳಿ ಕೆಲಸದ ಚರಿತ್ರೆ ಅಪೂರ್ಣ.