ಮಾತ್ರೆ ಬರೆದವರೇ ಇಳಿಸಿಕೊಡಬೇಕು

ಓಪಿಯಾಯ್ಡ್ ನೋವು ನಿವಾರಕಗಳ ಬಗ್ಗೆ ಅಮೆರಿಕದಲ್ಲಿ ರಾಶಿ ಪುಸ್ತಕಗಳು ಬಂದಿವೆ. ಬಹುಪಾಲು ಪುಸ್ತಕಗಳ ಖಳನಾಯಕ ಒಬ್ಬನೇ: 1996ರಲ್ಲಿ ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ಬಿಟ್ಟು, ಇದರಿಂದ ಚಟ ಹತ್ತುವುದು ಅಪರೂಪವೆಂದು ವೈದ್ಯರನ್ನು ನಂಬಿಸಿದ ಪರ್ಡ್ಯೂ ಫಾರ್ಮಾ. 2019ರಲ್ಲಿ ಬಂದ ಟ್ರಾವಿಸ್ ರೀಡರ್ ಅವರ ‘ಇನ್ ಪೇನ್’ ಆ ಸಾಲಿಗೆ ಪೂರ್ತಿಯಾಗಿ ಸೇರುವುದಿಲ್ಲ. ಕಂಪನಿ ಏನು ಮಾಡಿತು ಎಂಬುದಕ್ಕಿಂತ, ಚೀಟಿ ಬರೆದ ವೈದ್ಯರು ಆಮೇಲೆ ಏನು ಮಾಡಲಿಲ್ಲ ಎಂಬುದನ್ನೇ ಅದು ಹಿಡಿದು ಕೇಳುತ್ತದೆ. ಪುಸ್ತಕದ ಬಲವೆಲ್ಲ ಈ ಪಟ್ಟಿನಲ್ಲಿದೆ.

ರೀಡರ್ ವೈದ್ಯರಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೈವಿಕ ನೀತಿಶಾಸ್ತ್ರ ಓದಿಸುವವರು. 2015ರ ಮೇ ತಿಂಗಳಲ್ಲಿ ಅವರ ಮೋಟರ್‌ಸೈಕಲ್‌ಗೆ ವ್ಯಾನೊಂದು ಬಡಿದು ಪಾದ ಜಜ್ಜಿಹೋಯಿತು. ಒಂದರ ಹಿಂದೊಂದು ಶಸ್ತ್ರಚಿಕಿತ್ಸೆ, ಅದರ ಜೊತೆಗೆ ಏರುತ್ತಲೇ ಹೋದ ಓಪಿಯಾಯ್ಡ್ ಡೋಸ್. ಸುಮಾರು ಎರಡು ತಿಂಗಳ ಮೇಲೆ ಒಬ್ಬ ವೈದ್ಯರು ಡೋಸ್ ಕೇಳಿ ಗಾಬರಿಯಾಗಿ, ಬೇಗ ಬಿಡಿ ಎಂದರು. ಹೇಗೆ ಬಿಡುವುದೆಂಬುದಕ್ಕೆ ಇನ್ನೊಬ್ಬ ವೈದ್ಯರು ಕೊಟ್ಟ ಸಲಹೆ ಸರಳವಾಗಿತ್ತು: ಡೋಸನ್ನು ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲು ಬಿಡಿ.

ಕೇಳಲು ಲೆಕ್ಕ ಸರಿಯಾಗಿಯೇ ಇದೆ. ಆದರೆ ದೇಹ ಲೆಕ್ಕ ಹಾಕುವ ರೀತಿ ಬೇರೆ. ಡೋಸ್ ನೂರು ಎಂದಿಟ್ಟುಕೊಳ್ಳಿ. ಮೊದಲ ವಾರ ನೂರರಿಂದ 75ಕ್ಕೆ ಇಳಿದಾಗ ಕಡಿತವಾದದ್ದು ಕಾಲು ಭಾಗ. 75ರಿಂದ 50ಕ್ಕೆ ಬಂದಾಗ, ಆಗ ತೆಗೆದುಕೊಳ್ಳುತ್ತಿದ್ದುದರ ಮೂರನೇ ಒಂದು ಭಾಗ. 50ರಿಂದ 25ಕ್ಕೆ ಬಂದಾಗ ಅರ್ಧ. ಕೊನೆಯ ವಾರ, ಇದ್ದದ್ದಷ್ಟೂ ಹೋಯಿತು. ಸಮನಾದ ಮೆಟ್ಟಿಲು ಎಂದುಕೊಂಡದ್ದು ಇಳಿಯುತ್ತ ಹೋದಂತೆ ಕಡಿದಾಗುತ್ತದೆ. ಮೊದಲ ವಾರ ಫ್ಲೂ ಜ್ವರದಂತಿದ್ದ ಮೈಕೈ ನೋವು, ವಾಕರಿಕೆ ವಾರ ಕಳೆದಂತೆ ಬೆವರು, ನಿದ್ದೆಯಿಲ್ಲದ ರಾತ್ರಿ, ಕಾರಣವಿಲ್ಲದ ಅಳು, ಇನ್ನು ಬದುಕೇ ಬೇಡ ಎನ್ನಿಸುವ ಮಂಕಿನವರೆಗೆ ಬೆಳೆದದ್ದು ಆಶ್ಚರ್ಯವಲ್ಲ. ರೀಡರ್ ಮನಸ್ಸಿನ ದುರ್ಬಲತೆಯಿಂದ ಕುಸಿದವರಲ್ಲ. ಅವರಿಗೆ ಸಿಕ್ಕ ಯೋಜನೆಯೇ ತಪ್ಪಾಗಿತ್ತು.

ಒಳಗೆ ನಡೆಯುವುದು ಇಷ್ಟು. ದೇಹವನ್ನು ಎಚ್ಚರದಲ್ಲಿಡುವ ನಾರ್‌ಅಡ್ರಿನಲಿನ್ ವ್ಯವಸ್ಥೆಯನ್ನು ಓಪಿಯಾಯ್ಡ್ ಅದುಮಿ ಹಿಡಿಯುತ್ತದೆ. ಮಿದುಳು ಅದಕ್ಕೆ ಹೊಂದಿಕೊಳ್ಳಲು ಆ ವ್ಯವಸ್ಥೆಯನ್ನು ಇನ್ನಷ್ಟು ಚುರುಕುಗೊಳಿಸಿಕೊಳ್ಳುತ್ತದೆ. ಮಾತ್ರೆ ತಟ್ಟನೆ ನಿಂತರೆ ಅದುಮಿದ್ದೆಲ್ಲ ಒಮ್ಮೆಗೇ ಮೇಲೇಳುತ್ತದೆ: ಎದೆ ಬಡಿತ, ಬೆವರು, ಭೇದಿ, ಅಗಲವಾಗುವ ಕಣ್ಣಿನ ಪಾಪೆ, ಮೈಮೇಲೆ ಏಳುವ ಮುಳ್ಳು. ಪರಿಣಾಮ ಬೇಗ ಇಳಿಯುವ ಮಾತ್ರೆಗಳಾದರೆ ಒಂದು ದಿನದೊಳಗೆ ಶುರುವಾಗಿ, ಎರಡು ಮೂರನೇ ದಿನ ತಾರಕಕ್ಕೇರುತ್ತದೆ. ವಾರ ಹತ್ತು ದಿನದಲ್ಲಿ ದೇಹದ ಕಾಟ ತಗ್ಗಿದರೂ ನಿದ್ದೆ, ಮನಸ್ಸು ಹದಕ್ಕೆ ಬರಲು ಇನ್ನೂ ಕಾಲ ಬೇಕು.

ಪುಸ್ತಕದ ಅತ್ಯುತ್ತಮ ಪುಟಗಳು ಈ ಯಾತನೆಯನ್ನು ವರ್ಣಿಸುವವಲ್ಲ, ಆಗ ವೈದ್ಯರಿಗೆ ಮಾಡಿದ ಫೋನ್ ಕರೆಗಳವು. ಕಷ್ಟವಾದರೆ ಹಳೆಯ ಡೋಸ್‌ಗೇ ಹೋಗಿ ಎನ್ನುವವರು ಸಿಕ್ಕರು. ನೋವಿನ ವಿಭಾಗದವರು, ನಾವು ಮಾತ್ರೆ ಕೊಡುತ್ತೇವೆ, ಬಿಡಿಸುವುದು ನಮ್ಮ ಕೆಲಸವಲ್ಲ ಎಂದರು. ಯಾರೂ ಕೆಟ್ಟವರಲ್ಲ, ಆದರೂ ಯಾರ ಕೈಯಲ್ಲೂ ರೋಗಿಯಿಲ್ಲ. ರೀಡರ್ ಇಲ್ಲಿ ನೀತಿಶಾಸ್ತ್ರಜ್ಞರಾಗಿ ಮುಂದಿಡುವ ವಾದ ಗಟ್ಟಿಯಾಗಿದೆ: ಚಿಕಿತ್ಸೆ ಶುರುಮಾಡಿದವರಿಗೆ ಅದನ್ನು ಸುರಕ್ಷಿತವಾಗಿ ಮುಗಿಸುವ ಹೊಣೆಯೂ ಇದೆ.

ಪುಸ್ತಕ ಸಡಿಲವಾಗುವ ಜಾಗವೂ ಇದೆ. ದೇಹ ಔಷಧಿಗೆ ಒಗ್ಗಿಹೋಗುವುದು ಬೇರೆ, ಕೇಡೆಂದು ಗೊತ್ತಿದ್ದೂ ಅದರ ಬೆನ್ನುಹತ್ತುವ ವ್ಯಸನ ಬೇರೆ ಎಂಬ ಗೆರೆಯನ್ನು ರೀಡರ್ ಎಳೆಯುತ್ತಾರೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಅದು ಸರಿಯೇ. ಆದರೆ ಅವರ ಸ್ವಂತ ಕಥೆ ಗೆರೆಯ ಸುರಕ್ಷಿತ ಬದಿಯದು: ತಿಂಗಳುಗಳಷ್ಟೇ ಮಾತ್ರೆ, ನೌಕರಿ, ವಿದ್ಯೆ, ಜೊತೆಗೆ ನಿಂತ ಮಡದಿ. ಹತ್ತು ವರ್ಷ ಮಾತ್ರೆ ನುಂಗಿದವರಿಗೆ ಆ ಗೆರೆ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ತಮಗಿದ್ದ ಅನುಕೂಲಗಳು ರೀಡರ್‌ಗೆ ಗೊತ್ತು. ಆದರೂ ನೀತಿ ನಿರೂಪಣೆಯ ಅಧ್ಯಾಯಗಳಿಗೆ ಬಂದಾಗ ಮೊದಲ ಅರ್ಧದ ಬಿಸಿ ಆರಿ, ಗದ್ಯ ವರದಿಯ ಧಾಟಿಗೆ ತಿರುಗುತ್ತದೆ.

ಆದರೆ ಕಾಲ ಅವರ ವಾದದ ಪರವಾಗಿಯೇ ನಿಂತಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿ.ಡಿ.ಸಿ. 2016ರಲ್ಲಿ ದಿನಕ್ಕೆ 90 ಮಿಲಿಗ್ರಾಂ ಮಾರ್ಫಿನ್‌ಗೆ ಸಮನಾದ ಡೋಸ್ ದಾಟದಿರಲು ನೋಡಿ ಎಂದಿತ್ತು. ಸಲಹೆಯಾಗಿದ್ದದ್ದನ್ನು ಹಲವೆಡೆ ಕಟ್ಟಪ್ಪಣೆಯೆಂದು ಓದಿಕೊಂಡು, ವರ್ಷಗಟ್ಟಲೆ ಮಾತ್ರೆಯ ಮೇಲಿದ್ದವರಿಗೆ ಏಕಾಏಕಿ ನಿಲ್ಲಿಸಲಾಯಿತು. 2019ರ ಏಪ್ರಿಲ್‌ನಲ್ಲಿ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ., ಹಾಗೆ ನಿಲ್ಲಿಸುವುದರಿಂದ ತೀವ್ರ ಯಾತನೆ, ಆತ್ಮಹತ್ಯೆ ಸಂಭವಿಸಬಹುದೆಂದು ಎಚ್ಚರಿಸಿತು. ಸಿ.ಡಿ.ಸಿ.ಯ 2022ರ ಹೊಸ ಮಾರ್ಗಸೂಚಿ, ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಶೇ. 10 ಅಥವಾ ಇನ್ನೂ ನಿಧಾನವಾಗಿ ಇಳಿಸುವುದೇ ಮೇಲು ಎನ್ನುತ್ತದೆ. ವಾರಕ್ಕೆ ಕಾಲು ಭಾಗವೆಲ್ಲಿ, ತಿಂಗಳಿಗೆ ಹತ್ತನೇ ಒಂದು ಭಾಗವೆಲ್ಲಿ!

ಇನ್ನೊಂದು ತುದಿಯಲ್ಲಿ ‘ಕೆಲವೇ ಗಂಟೆಗಳಲ್ಲಿ ಡಿಟಾಕ್ಸ್’ ಎಂಬ ಮಾರಾಟವಿದೆ: ಅರಿವಳಿಕೆ ಕೊಟ್ಟು ಮಲಗಿಸಿ, ಓಪಿಯಾಯ್ಡನ್ನು ಒಮ್ಮೆಗೇ ಕಿತ್ತುಹಾಕುವ ವಿಧಾನ. 2012ರಲ್ಲಿ ನ್ಯೂಯಾರ್ಕ್‌ನ ಒಂದೇ ಕ್ಲಿನಿಕ್‌ನಲ್ಲಿ ಹೀಗೆ ಚಿಕಿತ್ಸೆ ಪಡೆದ 75 ಜನರಲ್ಲಿ ಇಬ್ಬರು ಸತ್ತರು. ಇನ್ನೊಂದು ಅಪಾಯ ಮನೆಗೆ ಬಂದ ಮೇಲಿನದು. ಮಾತ್ರೆ ಬಿಟ್ಟ ದೇಹಕ್ಕೆ ಹಳೆಯ ಡೋಸ್ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಮತ್ತೆ ಅಷ್ಟೇ ನುಂಗಿದರೆ ಉಸಿರು ನಿಲ್ಲಬಹುದು. ಆದ್ದರಿಂದಲೇ ವ್ಯಸನ ಬೆಳೆದವರಿಗೆ ಬರೀ ಡಿಟಾಕ್ಸ್ ಸಾಲದು. ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಚಿಕಿತ್ಸೆಯಲ್ಲಿ ಮುಂದುವರಿಸುವುದು ಜೀವ ಉಳಿಸುವ ದಾರಿ. ಬ್ಯುಪ್ರೆನಾರ್ಫಿನ್ ಶುರುಮಾಡುವುದಕ್ಕೂ ಹೊತ್ತಿದೆ: ಹಳೆಯ ಓಪಿಯಾಯ್ಡ್ ಇಳಿದು ಲಕ್ಷಣಗಳು ಕಾಣಿಸಿಕೊಳ್ಳುವ ಮೊದಲೇ ಕೊಟ್ಟರೆ ಯಾತನೆ ಹಠಾತ್ತನೆ ಕೆರಳುತ್ತದೆ. ಮನೆಯಲ್ಲಿ ತಾವೇ ಮಾಡಿ ನೋಡುವ ಪ್ರಯೋಗ ಇದಲ್ಲ.

ಭಾರತದ ಓದುಗರು ಈ ಪುಸ್ತಕವನ್ನು ಸ್ವಲ್ಪ ತಿರುಗಿಸಿ ಓದಬೇಕಾಗುತ್ತದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್.ಡಿ.ಪಿ.ಎಸ್. ಕಾಯ್ದೆಯ ಬಿಗಿಯಿಂದ ಇಲ್ಲಿ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗುವುದು ಕಷ್ಟವಾಯಿತು. ಅದನ್ನು ಸಡಿಲಿಸಲು 2014ರಲ್ಲಿ ತಿದ್ದುಪಡಿ ಬೇಕಾಯಿತು. ಅದೇ ದೇಶದಲ್ಲಿ ಇನ್ನೊಂದು ಓಪಿಯಾಯ್ಡ್ ಆದ ಟ್ರಾಮಡಾಲ್ ಆ ಕಾಯ್ದೆಯ ಹಿಡಿತಕ್ಕೆ ಬಂದದ್ದು 2018ರ ಏಪ್ರಿಲ್‌ನಲ್ಲಿ. ಬೇಕಾದವರಿಗೆ ಕೊರತೆ, ಬೇಡದ ಕಡೆ ಧಾರಾಳ. ಓಪಿಯಾಯ್ಡ್‌ಗೆ ಹೆದರುವುದೂ ತಪ್ಪು, ಕಣ್ಣು ಮುಚ್ಚಿ ಬರೆಯುವುದೂ ತಪ್ಪು ಎನ್ನುವ ರೀಡರ್ ನಿಲುವು ಇಲ್ಲಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ, ಮನಸ್ಸು ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಆದರೆ ಬೆನ್ನು ನೋವಿಗೋ ಆಪರೇಷನ್ ನೋವಿಗೋ ಮಾತ್ರೆ ಹಿಡಿದವರು, ನಾವೇನು ಚಟದವರೇ ಎಂದುಕೊಂಡು ಅತ್ತ ಹೋಗುವುದೇ ಇಲ್ಲ. ರೀಡರ್ ಎಳೆದ ಗೆರೆಯೇ ಇಂಥವರಿಗೆ ಅಡ್ಡಗೋಡೆಯಾಗಬಹುದು. ಪುಸ್ತಕದ ಮೇಲೆ ನನ್ನ ದೊಡ್ಡ ಆಕ್ಷೇಪ ಇದು.

ಆಕ್ಷೇಪವಿದ್ದರೂ ಇದನ್ನು ರೋಗಿಗಳಿಗಿಂತ ಮೊದಲು ವೈದ್ಯರು ಓದಲಿ ಎನ್ನುತ್ತೇನೆ. ಡಿಸ್ಚಾರ್ಜ್ ಚೀಟಿಯಲ್ಲಿ ದಿನಕ್ಕೆ ಎಷ್ಟು ಮಾತ್ರೆ ಎಂದು ಬರೆದ ಮೇಲೆ, ಯಾವಾಗಿನಿಂದ ಎಷ್ಟೆಷ್ಟು ಇಳಿಸಬೇಕು, ತಡೆಯಲಾಗದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬ ಎರಡು ಸಾಲು ಸೇರಿಸಲು ಹೊಸ ಔಷಧಿಯೂ ಬೇಡ, ಹೊಸ ಕಾನೂನೂ ಬೇಡ.